ಎರಡು ಬೀಗದ ಗೋದಾಮು

(ಕಾಗದದ ಕಟ್ಟಿನ ಮೇಲೆ ಅಂಟಿಸಿದ ಚೀಟಿ)

ಆಗಸ್ಟ್ 2

ಈ ವ್ಯವಹಾರಕ್ಕೆ ತಗುಲಿದ ಒಟ್ಟು ಖರ್ಚು ಹೀಗಿದೆ. ಹನ್ನೊಂದು ವರ್ಷ, ಎರಡು ತಿಂಗಳು. ಬೀಗ ಎರಡು. ಒಂದೇ ಬೀದಿಯಲ್ಲಿ ತಮ್ಮ ಎದುರಾದಾಗಲೆಲ್ಲ ಅಂಗಡಿ ಬೋರ್ಡು ಓದುವವನಂತೆ ಮೇಲೆ ನೋಡಿಕೊಂಡು ನಡೆದು ಎಡವಿದ್ದು ಮೂರು ಸಲ, ಅದರಲ್ಲಿ ಉಗುರು ಕಿತ್ತುಬಂದದ್ದು ಒಂದು ಸಲ. ಮಗಳ ಓದು, ಒಂದು ವರ್ಷ. ಕಾಗದ ಹನ್ನೆರಡು ಅಂತ ಬರೆದಿದ್ದೆ. ಒಂದರೊಳಗೆ ಇನ್ನೊಂದು ಮಡಿಸಿಟ್ಟಿದೆ ಅಂತ ಹೆಂಡತಿ ತೋರಿಸಿಕೊಟ್ಟಳು. ಆದ್ದರಿಂದ ಹದಿಮೂರು. ನುಂಗಿಕೊಂಡ ಮಾತು ಎಷ್ಟು ಅಂತ ಎಣಿಸಿಲ್ಲ. ನಾನು ಎಣಿಸದೆ ಬಿಟ್ಟ ಸರಕು ಅದೊಂದೇ.

ಮಗಳು ಮನೆಗೆ ಬಂದವಳು ಎರಡೂ ಕಡೆಯ ಕಾಗದ ಸೇರಿಸಿ ದಾರ ಕಟ್ಟಿದ್ದಾಳೆ. "ಖರ್ಚು ಬರೆದಿರಿ, ಸರಿ. ಬಂದದ್ದೇನು?" ಅಂತ ಹೆಂಡತಿ ಕೇಳುತ್ತಾಳೆ. ಅದು ಕೊನೆಯ ಕಾಗದದಲ್ಲಿದೆ. ಮೊದಲಿಂದಲೇ ಓದಿಕೊಂಡು ಬರಬೇಕು. ಮೇಲೆ ಮೇಲೆ ನೋಡಿ ಮೊತ್ತ ಹೇಳುವವರು ನಾನು ಕೆಟ್ಟ ಹಾಗೇ ಕೆಡುತ್ತಾರೆ.

---

ಸೆಪ್ಟೆಂಬರ್ 14

ಮಗಳೇ,

ನೀನು ಹೋಗಿ ಹದಿನೇಳು ದಿನ. ಫೋನು ಇರುವಾಗ ಕಾಗದ ಯಾಕೆ ಅಂತ ನಿನ್ನಮ್ಮ ಕೇಳಿದಳು. ಫೋನಿನಲ್ಲಿ ನೀನು ಬೇಗ ಗೆಲ್ಲುತ್ತೀಯ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ.

ಬೀದಿಯಲ್ಲಿ ಎಲ್ಲರೂ ಕೇಳುವುದು ಒಂದೇ, ಮಗಳು ಏನು ಓದುತ್ತಿದ್ದಾಳೆ ಅಂತ. "ಶಾಂತಿ, ಸಂಘರ್ಷ ಪರಿಹಾರ ಮತ್ತು ಅಂತಾರಾಷ್ಟ್ರೀಯ ಅಭಿವೃದ್ಧಿ" ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಟೀ ಆರಿಹೋಗಿರುತ್ತದೆ. ಎದುರಿನ ಟೀ ಅಂಗಡಿಯವನು ಮಾತ್ರ ಬಿಡಲಿಲ್ಲ.

"ಅಂದ್ರೆ ಜಗಳ ಬಿಡಿಸೋ ಓದಾ ಯಜಮಾನ್ರೇ? ಅದನ್ನ ನಮ್ಮತ್ತೆ ಓದದೇನೇ ಮಾಡ್ತಾಳೆ."

"ನಿಮ್ಮತ್ತೆ ಜಗಳ ಹಚ್ಚೋದು ಕಣಯ್ಯಾ, ಬಿಡಿಸೋದಲ್ಲ."

"ಗಂಟು ಹಾಕಿದವರಿಗೇ ತಾನೆ ಬಿಚ್ಚೋಕೂ ಗೊತ್ತಿರೋದು?"

ನಾನು ಇನ್ನೊಂದು ಟೀ ಹೇಳಿದೆ.

ನಿನ್ನ ಓದಿಗೆ ನನ್ನ ವಿರೋಧವೇನಿಲ್ಲ. ನಾನು ಕುರ್ಚಿ ಬಾಡಿಗೆಗೆ ಕೊಡುವವನು. ಜನ ಸೇರಿದರೆ ನನ್ನ ಕುರ್ಚಿ ಹೋಗುತ್ತದೆ, ಜನ ಹೊಡೆದಾಡಿದರೆ ನನ್ನ ಕುರ್ಚಿ ಮುರಿಯುತ್ತದೆ. ಹಾಗಾಗಿ ನಾನು ಮೊದಲಿಂದಲೂ ಶಾಂತಿಯ ಪಕ್ಷವೇ. ಮುಚ್ಚಿಹೋದ ಚಿತ್ರಮಂದಿರದವರು ಬೀದಿಗೆಸೆದ ಆರು ಕುರ್ಚಿಯಿಂದ ಶುರು ಮಾಡಿದ ಧಂದೆ ಇದು. ಅವನ್ನು ಕೈಗಾಡಿಯಲ್ಲಿ ತಂದೆವು. ಗಾಡಿಯ ಒಂದು ಹಿಡಿ ನನ್ನ ಕೈಯಲ್ಲಿತ್ತು. ಇನ್ನೊಂದು ಹಿಡಿ ಹಿಡಿದಿದ್ದವನ ಮಾತು ಇಲ್ಲಿ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಲೋಕದ ಶಾಂತಿ ನಿನ್ನ ಹೊಟ್ಟೆಯಿಂದಲೇ ಶುರುವಾಗಲಿ.

ಇಂತಿ,
ನಿನ್ನ ಅಪ್ಪ

---

ಅಕ್ಟೋಬರ್ 9

ಅಪ್ಪಾ,

ಕಾಗದ ಬಂತು. ಬಾಯಿ ಹಾಕದೆ ಓದಿದೆ, ಎರಡು ಸಲ.

ನನ್ನ ಕಿಟಕಿಯಿಂದ ಸೈಕಲ್ ಸ್ಟ್ಯಾಂಡ್ ಕಾಣುತ್ತದೆ, ಅದರಾಚೆ ಗೋಡೆ. ಕೋಣೆಯ ಜೊತೆಗಾತಿ ಎರಡು ಸೈನ್ಯಗಳ ನಡುವಿನ ಊರಿನಲ್ಲಿ ಬೆಳೆದವಳು. ಯಾರಾದರೂ ಬಾಗಿಲು ಜೋರಾಗಿ ಬಡಿದರೆ ಮೊದಲು ಮೇಜಿನ ಕೆಳಗೆ ನೋಡುತ್ತಾಳೆ, ಆಮೇಲೆ ತನ್ನನ್ನೇ ನೋಡಿ ನಗುತ್ತಾಳೆ. ನಾನು ಇಲ್ಲಿಗೆ ಬಂದದ್ದು ಪುಸ್ತಕದಿಂದ, ಅವಳು ಬಂದದ್ದು ಮೇಜಿನ ಕೆಳಗಿಂದ.

ಒಂದು ಕಷ್ಟ ಇದೆ. ತರಗತಿಯಲ್ಲಿ ಸುಳ್ಳು ಸಂಧಾನ ನಡೆಸುತ್ತೇವೆ. ಎರಡು ದೇಶ, ಒಂದು ನದಿ, ಎಲ್ಲ ಕಟ್ಟುಕತೆ. ಸಭೆ ನಡೆಸುವ ಪಾಳಿ ನಮ್ಮ ಗುಂಪಿನದು. ಮೂರು ಸಲವೂ ಹತ್ತು ನಿಮಿಷದಲ್ಲಿ ಎರಡೂ ದೇಶ ಎದ್ದು ಹೋದವು. ಅದೂ ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರು! ನಮಗೆ ಪಾಠ ಮಾಡುವ ಮೇಡಂ ಮೊದಲು ಇಪ್ಪತ್ತು ವರ್ಷ ನಿಜವಾದ ಸಂಧಾನಗಳಲ್ಲಿ ಕೂತವರು. ಅವರು ಹೇಳಿದ್ದು ಇಷ್ಟೇ: "ನೀವು ಮಾತಿನ ಬಗ್ಗೆ ಯೋಚನೆ ಮಾಡಿದಿರಿ. ಕೋಣೆಯ ಬಗ್ಗೆ ಮಾಡಲಿಲ್ಲ."

ಆಗ ನಿಮ್ಮ ನೆನಪಾಯಿತು. ಜಗಳ ಆಗಬಹುದಾದ ಸಭೆಗೆ ನೀವು ಕುರ್ಚಿ ಹೇಗೆ ಹಾಕಿಸುತ್ತೀರಿ?

ಅಮ್ಮನಿಗೆ ಹೇಳಿ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ.

ನಿಮ್ಮ ಮಗಳು

---

ಅಕ್ಟೋಬರ್ 23

ಮಗಳೇ,

ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ಕುರ್ಚಿಯ ಸಂಖ್ಯೆ ಬಿಟ್ಟು ಬೇರೆ ಪ್ರಶ್ನೆ ಕೇಳಿದ್ದಾರೆ. ಬರೆದುಕೋ.

ಎದುರುಬದುರು ಕೂರಿಸಬೇಡ. ಎದುರಿಗೆ ಮುಖ ಇದ್ದರೆ ಮನುಷ್ಯನಿಗೆ ಬೈಯದೆ ಇರಲು ಆಗುವುದಿಲ್ಲ. ಮೇಜಿನ ಮೂಲೆ ಬಳಸು. ಮೂಲೆಯ ಆಚೆ ಈಚೆ ಕೂತವರು ಒಂದೇ ಕಾಗದವನ್ನು ನೋಡಬೇಕಾಗುತ್ತದೆ. ಎಲ್ಲ ಕುರ್ಚಿಯೂ ಒಂದೇ ಜಾತಿಯದಿರಲಿ. ಒಂದಕ್ಕೆ ಕೈ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಅಲ್ಲೇ ಕಡ್ಡಿ ಗೀರಿದ ಹಾಗೆ. ಕೈ ಇರುವ ಒಂದೇ ಒಂದು ಕುರ್ಚಿಗಾಗಿ ಮದುವೆಯೇ ಮುರಿದುಬೀಳುತ್ತಿದ್ದುದನ್ನು ನೋಡಿದ್ದೇನೆ. ಗಂಡಿನ ಸೋದರಮಾವ ಕೂರುವ ಮುಂಚೆ ಹೆಣ್ಣಿನ ದೊಡ್ಡಪ್ಪ ಕೂತುಬಿಟ್ಟಿದ್ದ. ಕೊನೆಗೆ ಆ ಕುರ್ಚಿಯ ಎರಡು ಕೈಯನ್ನೂ ಗರಗಸ ತಂದು ಕೊಯ್ದೆ, ಮದುವೆ ನಡೆಯಿತು.

ಸಿಟ್ಟಿನ ಮನುಷ್ಯನ ಬೆನ್ನ ಹಿಂದೆ ಬಾಗಿಲು ಬರಬಾರದು. ಏಳುವುದು ಸಲೀಸಾದರೆ ಎದ್ದೇ ಬಿಡುತ್ತಾನೆ. ಬಾಗಿಲು ದೂರ ಇದ್ದರೆ, ನಾಲ್ಕು ಜನರ ಮೊಣಕಾಲು ದಾಟಿ ಹೋಗಬೇಕಲ್ಲ ಅಂತ ಇನ್ನೊಂದು ಐದು ನಿಮಿಷ ಕೂರುತ್ತಾನೆ. ಎಷ್ಟೋ ಸಲ ಆ ಐದು ನಿಮಿಷದಲ್ಲೇ ಕೆಲಸ ಆಗುವುದು.

ಕೊನೆಯದು ನನ್ನ ಸ್ವಂತ ವಿದ್ಯೆ, ಯಾರಿಗೂ ಹೇಳಿಲ್ಲ. ಬರುವವರಿಗಿಂತ ಒಂದು ಕುರ್ಚಿ ಕಡಿಮೆ ಇಡು. ಕೊನೆಗೆ ಬಂದವನು ನಿಂತೇ ಇರುತ್ತಾನೆ. ಯಾರೋ ಒಬ್ಬ ಸರಿದು ಜಾಗ ಕೊಡುತ್ತಾನೆ. ಜಾಗ ಕೊಟ್ಟವನ ಮೇಲೆ ತಕ್ಷಣ ಕೂಗಾಡಲು ಬಾಯಿ ಬರುವುದಿಲ್ಲ.

ಇಂತಿ,
ಕುರ್ಚಿ ಶಾಸ್ತ್ರಜ್ಞ, ನಿನ್ನ ಅಪ್ಪ

---

ನವೆಂಬರ್ 20

ಅಪ್ಪಾ,

ಎರಡು ಗಂಟೆ! ಎರಡು ದೇಶಗಳೂ ಎರಡು ಗಂಟೆ ಕೂತವು, ನದಿಯನ್ನು ಹಂಚಿಕೊಂಡು ಎದ್ದವು. ಒಂದು ಕುರ್ಚಿ ಕಡಿಮೆ ಇಟ್ಟಿದ್ದೆ. ಆ ಕಡೆಯ ಮಂತ್ರಿ ಈ ಕಡೆಯ ಸೇನಾಪತಿಗೆ ಸರಿದು ಜಾಗ ಕೊಟ್ಟ. ಯಾವ ಪುಸ್ತಕದಿಂದ ತೆಗೆದೆ ಅಂತ ಮೇಡಂ ಕೇಳಿದರು. ನನ್ನ ತಂದೆಯ ಗೋದಾಮಿನಿಂದ ಅಂದೆ. ಎಲ್ಲರೂ ನಕ್ಕರು, ಮೇಡಂ ಬರೆದುಕೊಂಡರು.

ಕಳೆದ ವಾರ ಅಭಿವೃದ್ಧಿಯ ಪಾಠದಲ್ಲಿ ಒಂದು ಕತೆ ಬಂತು. ಎರಡು ಹಳ್ಳಿಗಳ ನಡುವೆ ಯಾವುದೋ ಸಂಸ್ಥೆ ಒಂದು ಪಂಪ್‌ಮನೆ ಕಟ್ಟಿಸಿಕೊಟ್ಟಿತಂತೆ. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲ. ಸಂಸ್ಥೆಯವರು ಜಾಣತನ ಮಾಡಿ ಬಾಗಿಲಿಗೆ ಎರಡು ಬೀಗ ಹಾಕಿಸಿ, ಊರಿಗೊಂದು ಬೀಗದ ಕೈ ಕೊಟ್ಟರು. ಯಾರೂ ಮೋಸ ಮಾಡಲಿಲ್ಲ. ಯಾರೂ ನೀರೂ ಕುಡಿಯಲಿಲ್ಲ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ನಾನು ನಗಲಿಲ್ಲ ಅಪ್ಪಾ. ನನಗೆ ಹನ್ನೆರಡು ವರ್ಷ ಆಗಿದ್ದಾಗಿನಿಂದ ನಮ್ಮ ಹಳೇ ಗೋದಾಮಿನ ಬಾಗಿಲಿಗೂ ಎರಡು ಬೀಗ. ಒಂದರ ಕೈ ನಿಮ್ಮ ಜೇಬಿನಲ್ಲಿ, ಇನ್ನೊಂದರದು ಚಿಕ್ಕಪ್ಪನ ಜೇಬಿನಲ್ಲಿ. ಒಳಗೇನಿದೆ ಅಂತ ಕೇಳಿದಾಗೆಲ್ಲ "ಲೆಕ್ಕ ಇದೆ" ಅನ್ನುತ್ತೀರಿ.

ಯಾವ ಲೆಕ್ಕ?

ನಿಮ್ಮ ಮಗಳು

---

ಡಿಸೆಂಬರ್ 5

ಮಗಳೇ,

ಇಲ್ಲಿ ಎಲ್ಲ ಕ್ಷೇಮ. ಅಮ್ಮನ ಮೊಣಕಾಲು ಪರವಾಗಿಲ್ಲ. ಎರಡು ಸಭೆಗೆ ಕುರ್ಚಿ ಹೋಗಿವೆ, ಒಂದು ಸಭೆಯದು ವಾಪಸ್ ಬಂದಿದೆ.

ಕುರ್ಚಿಯ ಬಗ್ಗೆ ಏನು ಬೇಕಾದರೂ ಕೇಳು. ಬೀಗದ ಬಗ್ಗೆ ಬೇಡ.

ಅಪ್ಪ

---

ಫೆಬ್ರುವರಿ 11

ಅಪ್ಪಾ,

ಎರಡು ತಿಂಗಳು ಬೀಗದ ಮಾತೆತ್ತಲಿಲ್ಲ. ಈಗ ಎತ್ತಲೇಬೇಕಾಗಿದೆ.

ಪದವಿ ಸಿಗಬೇಕಾದರೆ ಒಂದು ನಿಜವಾದ ಜಗಳವನ್ನು ಹತ್ತಿರದಿಂದ ಕಂಡು ಪ್ರಬಂಧ ಬರೆಯಬೇಕು. ನನ್ನನ್ನು ಗಡಿಯ ಒಂದು ನೀರಿನ ಸಮಿತಿಗೆ ಕಳಿಸುವುದಿತ್ತು. ಅಲ್ಲಿ ಪರಿಸ್ಥಿತಿ ಕೆಟ್ಟಿದೆ, ಹೋಗುವುದು ರದ್ದಾಯಿತು. ಭಾಷೆ, ಜನ, ಹಿನ್ನೆಲೆ ಮೂರೂ ಗೊತ್ತಿರುವ ಬೇರೆ ಜಗಳ ಹುಡುಕಿಕೋ ಅಂದರು ಮೇಡಂ. ಹುಡುಕಿದೆ. ನನಗೆ ಗೊತ್ತಿರುವುದು ಒಂದೇ.

ನಿಯಮಗಳು ಹೀಗಿವೆ. ನಾನು ಮನೆಯವಳಾದ್ದರಿಂದ ಮಧ್ಯಸ್ಥಿಕೆ ಮಾಡುವ ಹಾಗಿಲ್ಲ. ಎರಡೂ ಕಡೆಯವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬಹುದು, ಅಷ್ಟೆ. ಬರೆದದ್ದನ್ನು ಇಬ್ಬರಿಗೂ ಕೊಡಬೇಕು. ನಿಮ್ಮದನ್ನು ಅವರು ಓದಬೇಕು, ಅವರದನ್ನು ನೀವು ಓದಬೇಕು. ಓದಿದೆವು ಅಂತ ಇಬ್ಬರೂ ಸಹಿ ಹಾಕಬೇಕು. ಒಂದು ಸಹಿ ಬಿದ್ದು ಇನ್ನೊಂದು ಬೀಳದಿದ್ದರೆ ಪ್ರಬಂಧ ಇಲ್ಲ, ಪದವಿಯೂ ಇಲ್ಲ. ಕೊನೆಯ ದಿನ ಮೇ 31.

ಚಿಕ್ಕಪ್ಪನಿಗೂ ಇವತ್ತೇ ಬರೆದಿದ್ದೇನೆ, ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ.

ನಿಮ್ಮ ಮಗಳು

---

ಫೆಬ್ರುವರಿ 27

ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಯೋಚಿಸಿದೆ. ಅವನ ಮಾತೊಂದೇ ದಾಖಲೆಗೆ ಹೋದರೆ ನಾಳೆ ಅದೇ ಇತಿಹಾಸ. ನನ್ನದೂ ಇರಲಿ. ಈ ಕೆಳಗಿನದನ್ನು ಬರೆದುಕೋ, ಒಂದಕ್ಷರ ಬದಲಿಸಬೇಡ.

ಆಗ ನಮ್ಮಿಬ್ಬರದೂ ಒಂದೇ ಧಂದೆ. ಮುನ್ನೂರು ಮರದ ಕುರ್ಚಿ. ಒಂದರ ಮೇಲೊಂದು ಹನ್ನೆರಡು ಪೇರಿಸಿದರೆ ಒಂದು ಅಟ್ಟಿ. ಹನ್ನೆರಡಕ್ಕಿಂತ ಒಂದು ಹೆಚ್ಚಾದರೂ ತಳದ ಕುರ್ಚಿ ಸೀಳುತ್ತದೆ. ಅದು ನಾನು ಮಾಡಿದ ಕಾನೂನು, ಕುರ್ಚಿ ಮುರಿಸಿಕೊಂಡು ಕಲಿತದ್ದು. ಇಪ್ಪತ್ತೈದು ಅಟ್ಟಿ ಇದ್ದರೆ ಮುನ್ನೂರು ಸರಿ. ಅದಕ್ಕೇ ನಾನು ಕುರ್ಚಿ ಎಣಿಸುವುದಿಲ್ಲ, ಅಟ್ಟಿ ಎಣಿಸುತ್ತೇನೆ. ಬುದ್ಧಿ ಇದ್ದವನು ಹಾಗೇ ಮಾಡುತ್ತಾನೆ.

ಒಂದು ದೊಡ್ಡ ಸಭೆಗೆ ಮುನ್ನೂರೂ ಹೋಗಿದ್ದವು. ವಾಪಸ್ ತಂದು ಪೇರಿಸಿದ್ದು ಅವನು. ಸಂಜೆ ನಾನು ಹೋಗುವಷ್ಟರಲ್ಲಿ ಟಾರ್ಪಾಲು ಹೊದಿಸಿಯೂ ಆಗಿತ್ತು. ಅಟ್ಟಿಯ ತಲೆ ಎಣಿಸಿದೆ. ಇಪ್ಪತ್ತನಾಲ್ಕು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತನಾಲ್ಕೇ. ಹನ್ನೆರಡು ಕುರ್ಚಿ ಇಲ್ಲ. "ಎಲ್ಲಿ?" ಅಂದೆ. "ಮುನ್ನೂರೂ ಇದೆ" ಅಂದ. ಎದುರಿಗೇ ಇಪ್ಪತ್ತನಾಲ್ಕು ಕಾಣುತ್ತಿರುವಾಗ! ಗಾಡಿ ಓಡಿಸುವವನು, ಟೀ ಅಂಗಡಿಯವನು, ಮೇಜಿನ ಬಟ್ಟೆ ಒಗೆಯುವವನು, ಪಕ್ಕದ ದರ್ಜಿ, ನಾಲ್ವರೂ ಅಲ್ಲೇ ನಿಂತಿದ್ದರು. "ಎಣಿಸೋಕೆ ಬರಲ್ವೋ, ಇಲ್ಲ ಮನೆಯಲ್ಲೇ ಕಳ್ಳನನ್ನ ಸಾಕಿದ್ದೀನೋ?" ಅಂದೆ. ಹೌದು, ಅಂದೆ. ಬರೆದುಕೋ.

ಅವನು ಒಂದು ಮಾತೂ ಆಡದೆ ಹೋದ. ಹೋದ ಹನ್ನೆರಡನ್ನು ಸದ್ದಿಲ್ಲದೆ ತಂದಿಟ್ಟು ಸಾಚಾ ಆಗಬಾರದು ಅಂತ ಅವತ್ತೇ ನಾನು ಬೀಗ ಹಾಕಿದೆ. ಬೆಳಿಗ್ಗೆ ನೋಡಿದರೆ ನನ್ನ ಬೀಗದ ಪಕ್ಕ ಅವನದೊಂದು. ಆಮೇಲೆ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ. ಇಬ್ಬರೂ ಹೊಸ ಕುರ್ಚಿ ಮಾಡಿಸಿಕೊಂಡೆವು. ಹಳೆಯವು ಒಳಗೇ ಇವೆ. ಇನ್ನೂರ ಎಂಬತ್ತೆಂಟು.

ಹೇಳಿಕೆ ಮುಗಿಯಿತು. ಸಹಿ ಆಮೇಲೆ ನೋಡೋಣ.

ಅಪ್ಪ

---

ಏಪ್ರಿಲ್ 2

ಅಪ್ಪಾ,

ನಿಯಮದ ಪ್ರಕಾರ ಚಿಕ್ಕಪ್ಪನ ಹೇಳಿಕೆಯನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ನಿಮ್ಮದು ಅವರಿಗೆ ಹೋಗಿದೆ. ಪ್ರಬಂಧದಲ್ಲಿ ಹೆಸರು ಬರುವುದಿಲ್ಲ. ಅವರು ಕಕ್ಷಿ ಒಂದು, ನೀವು ಕಕ್ಷಿ ಎರಡು. ಯಾಕೆ ಎರಡು ಅಂತ ಕೇಳುತ್ತೀರಿ, ಗೊತ್ತು. ಅವರ ಕಾಗದ ಮೂರು ದಿನ ಮೊದಲು ತಲುಪಿತು.

ನಾನು ಏನೂ ಹೇಳುವ ಹಾಗಿಲ್ಲ. ಹೇಳುತ್ತಲೂ ಇಲ್ಲ.

ನಿಮ್ಮ ಮಗಳು

(ಒಳಗೆ ಮಡಿಸಿಟ್ಟದ್ದು)

ಮಗೂ, ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ನಿನ್ನ ಅಪ್ಪನಷ್ಟು ಮಾತು ಬರುವುದಿಲ್ಲ.

ಇಳಿಸುವಾಗ ಒಂದೊಂದೇ ಎಣಿಸಿದೆ. ಮುನ್ನೂರು ಇತ್ತು, ಈಗಲೂ ಇದೆ. ಎಲ್ಲಿ, ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅಣ್ಣ ಒಳಗೆ ಬಂದು ಎಣಿಸಲಿ. ಅಟ್ಟಿ ಅಲ್ಲ, ಕುರ್ಚಿ.

ನಾನು ಬೀಗ ಹಾಕಿದ್ದು ಯಾಕೆ ಅಂತ ಕೇಳಿದ್ದೀಯ. ಅವನು ಯಾವತ್ತೋ ಒಂದು ದಿನ ಒಬ್ಬನೇ ಹೋಗಿ ಎಣಿಸುತ್ತಾನೆ, ಸರಿ ಇದೆ ಅಂತ ಗೊತ್ತಾಗುತ್ತದೆ, ಆಮೇಲೆ ಒಬ್ಬನೇ ಸುಮ್ಮನಾಗುತ್ತಾನೆ. ಅವನ ಸ್ವಭಾವ ನನಗೆ ಗೊತ್ತು. ಏನೂ ಆಗಿಲ್ಲ ಅನ್ನುವ ಹಾಗೆ "ಬಾರೋ, ಊಟಕ್ಕೆ" ಅಂತ ಕರೆಯುತ್ತಾನೆ, ನಾನು ಹೋಗಿಯೂ ಬಿಡುತ್ತೇನೆ. ಅದು ಆಗಬಾರದು ಅಂತ ಹಾಕಿದೆ. ಮಾತು ನಾಲ್ಕು ಜನರೆದುರು ಬಂತು. ಲೆಕ್ಕವೂ ನಾಲ್ಕು ಜನರೆದುರೇ ಆಗಲಿ.

ಅವತ್ತಿನಿಂದ ಬೀಗದ ಕೈ ಜೇಬಿನಲ್ಲೇ ಇದೆ. ಬಾ ಅಂದ ದಿನ ಬರುತ್ತೇನೆ.

ಸಹಿ ಹಾಕಿದ್ದೇನೆ. ಅಣ್ಣನದನ್ನು ಓದಿದ ಮೇಲೂ ಹಾಕುತ್ತೇನೆ, ಅದರಲ್ಲಿ ಏನಿದ್ದರೂ.

ಚಿಕ್ಕಪ್ಪ

---

ಮೇ 6

ಮಗಳೇ,

ನಾನು, ಅಮ್ಮ. ನಿಮ್ಮಪ್ಪ ಇನ್ನೂ ಸಹಿ ಹಾಕಿಲ್ಲ. ಚಿಕ್ಕಪ್ಪನ ಆ ಹಾಳೆ ಒಂದು ತಿಂಗಳಿಂದ ದಿಂಬಿನ ಕೆಳಗಿದೆ. ದಿಂಬಿನ ಚೀಲ ಒಗೆಯಲು ತೆಗೆದರೆ "ಅಲ್ಲೇನಿದೆ ಅಂತ ಮುಟ್ತೀಯೆ?" ಅಂತ ರೇಗುತ್ತಾರೆ. ಅಲ್ಲೇನಿದೆ ಅಂತ ಊರಿಗೇ ಗೊತ್ತು.

ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಒಬ್ಬರೇ ಮಾತಾಡುತ್ತಾರೆ. ಬಾಗಿಲಿಗೆ ಕಿವಿ ಕೊಟ್ಟೆ. "ತಪ್ಪಾಗಿದ್ರೆ" ಅಂತ ಶುರು ಮಾಡಿ ನಿಲ್ಲಿಸುತ್ತಾರೆ. ನಿನ್ನೆ "ತಪ್ಪಾಗಿದೆ" ಅಂತ ಒಂದು ಸಲ ಬಂತು. ನೀರು ಮಾತ್ರ ತುಂಬ ಖರ್ಚಾಗುತ್ತಿದೆ.

ಇವತ್ತು ತಾವಾಗಿಯೇ ಕೇಳಿದರು, ಅವತ್ತು ಅಲ್ಲಿ ನಿಂತಿದ್ದ ನಾಲ್ವರಲ್ಲಿ ಈಗ ಯಾರ್ಯಾರು ಇದ್ದಾರೆ ಅಂತ. ಬಟ್ಟೆ ಒಗೆಯುವವನು ತೀರಿಹೋದ, ಹೆಂಡತಿ ಇದ್ದಾಳೆ ಅಂದೆ. "ಹಾಗಾದ್ರೆ ಅವಳನ್ನ ಕರೀಬೇಕು" ಅಂದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಇನ್ನೊಂದು ವಿಷಯ. ನಾನೂ ನಿನ್ನ ಚಿಕ್ಕಮ್ಮನೂ ಹನ್ನೊಂದು ವರ್ಷದಿಂದ ಗುರುವಾರ ಗುರುವಾರ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಭೇಟಿಯಾಗುತ್ತೇವೆ ಅಂತ ನಿನಗೆ ಗೊತ್ತು. ಅದು ಪ್ರಬಂಧದಲ್ಲಿ ಬರಬಾರದು.

ಅಮ್ಮ

---

ಮೇ 19

ಮಗಳೇ,

ಸಹಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ಆದರೆ ನನ್ನ ಹೇಳಿಕೆಯ ಕೆಳಗೆ ಇದನ್ನೂ ಸೇರಿಸು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾ ಅಂತ ಗಾಡಿಯವನ ಕೈಲಿ ಹೇಳಿ ಕಳಿಸಿದೆ. ಒಂಬತ್ತೂ ಮುಕ್ಕಾಲಿಗೇ ಬಂದು ನಿಂತಿದ್ದ. ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿದೆ. ಗಾಡಿಯವನು, ಟೀ ಅಂಗಡಿಯವನು, ದರ್ಜಿ, ಒಗೆಯುವವನ ಹೆಂಡತಿ, ಎಲ್ಲರೂ ಬಂದರು. ನಿನ್ನಮ್ಮನೂ ಚಿಕ್ಕಮ್ಮನೂ ಒಬ್ಬರನ್ನೊಬ್ಬರು ನೋಡೇ ಇಲ್ಲದವರಂತೆ ಬೀದಿಯ ಆಚೆ ಈಚೆ ನಿಂತಿದ್ದರು. ಒಬ್ಬಳ ರವಿಕೆಯ ಬಟ್ಟೆಯೇ ಇನ್ನೊಬ್ಬಳ ರವಿಕೆಯದೂ. ನಾನು ಕುರ್ಚಿಯವನು, ಜೋಡಿ ಗುರುತಿಸುವುದು ನನ್ನ ಕಸುಬು. ಸುಮ್ಮನಿದ್ದೆ.

ನನ್ನ ಬೀಗ ತುಕ್ಕು ಹಿಡಿದಿರುತ್ತದೆ ಅಂತ ಸುತ್ತಿಗೆ ತಂದಿದ್ದೆ. ಬೀಗದ ಕೈ ಹಾಕಿ ತಿರುಗಿಸಿದೆ, ಒಂದೇ ಸಲಕ್ಕೆ ತೆರೆದುಕೊಂಡಿತು. ಹನ್ನೊಂದು ವರ್ಷ ನಾನು ಅದನ್ನು ಮುಟ್ಟಿಲ್ಲ.

ಟೀ ಅಂಗಡಿಯವನು ಅಂದ, "ತಿಂಗಳಿಗೊಂದ್ಸಲ ಚಿಕ್ಕ ಯಜಮಾನ್ರು ಎರಡಕ್ಕೂ ಎಣ್ಣೆ ಬಿಡ್ತಾರೆ. ನಿಮಗೆ ಗೊತ್ತಿಲ್ವಾ?"

ತಮ್ಮ ನೆಲ ನೋಡುತ್ತಾ, "ಬಾಗಿಲು ಇಬ್ಬರದಲ್ವಾ" ಅಂದ.

ಒಳಗೆ ಹೋದೆವು. ನಾನು ಅಭ್ಯಾಸದ ಬಲದಿಂದ ಟಾರ್ಪಾಲಿನ ಮೇಲಿಂದಲೇ ತಲೆ ಎಣಿಸಿದೆ. ಇಪ್ಪತ್ತನಾಲ್ಕು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಎದೆ ಉಬ್ಬಿತು.

"ತಲೆ ಎಣಿಸಬೇಡಣ್ಣ," ಅಂದ. ಹನ್ನೊಂದು ವರ್ಷದಲ್ಲಿ ನನಗೇ ಅಂತ ಆಡಿದ ಮೊದಲ ಮಾತು.

ಟಾರ್ಪಾಲು ಎಳೆದೆವು. ಕೆಮ್ಮು ನಿಂತ ಮೇಲೆ ಒಂದೊಂದೇ ಮುಟ್ಟಿ ಎಣಿಸಿದೆ. ಮೊದಲ ಅಟ್ಟಿ ಹನ್ನೆರಡು. ಎರಡನೆಯದು ಹನ್ನೆರಡು. ಮುಂದಿನ ಸಾಲು ಹಾಗೇ ಮುಗಿಯಿತು. ಹಿಂದಿನ ಸಾಲಿನ ಮೊದಲನೆಯದು ಹದಿಮೂರು. ತಪ್ಪಿರಬೇಕು ಅಂತ ಕೆಳಗಿಂದ ಎಣಿಸಿದೆ. ಹದಿಮೂರೇ. ಅದರ ಪಕ್ಕದ್ದೂ ಹದಿಮೂರು. ಹಿಂದಿನ ಸಾಲಿನ ಹನ್ನೆರಡು ಅಟ್ಟಿಗೂ ಒಂದೊಂದು ಹೆಚ್ಚು.

"ಇದೇನೋ?"

"ಆ ಮೂಲೆ ಸೋರ್ತಿತ್ತು. ಇಪ್ಪತ್ತೈದನೇ ಅಟ್ಟಿ ನಿಲ್ಲಿಸೋಕೆ ಒಣ ಜಾಗ ಇರಲಿಲ್ಲ. ಹನ್ನೆರಡನ್ನೂ ಹಂಚಿ ಮೇಲಿಟ್ಟೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹನ್ನೆರಡರ ಮೇಲೆ ಪೇರಿಸಿದ್ರೆ ಕೈ ಮುರೀತೀನಿ ಅಂತಿದ್ದೆ ನೀನು. ಬೆಳಿಗ್ಗೆ ಛಾವಣಿ ರಿಪೇರಿ ಮಾಡಿಸಿ, ಇಳಿಸಿ, ಆಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಬಂದೆ. ಎಲ್ಲಿ ಅಂದೆ. ಹೇಗೆ ಅಂತ ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ. ಕಳ್ಳ ಅಂದ ಮೇಲೆ ನಾನ್ಯಾಕೆ ಹೇಳಲಿ?"

ಬಚ್ಚಲಲ್ಲಿ ಅಭ್ಯಾಸ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಹೊರಗೆ ಬಂದು, ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ಹೇಳಿದೆ: "ಅವತ್ತು ಇಲ್ಲಿ ನಾನು ಆಡಿದ್ದು ತಪ್ಪು. ಕುರ್ಚಿ ಮುನ್ನೂರೂ ಇದೆ. ನನ್ನ ತಮ್ಮ ಎಣಿಸಿದ್ದು ಸರಿ."

ಒಗೆಯುವವನ ಹೆಂಡತಿ ಕಣ್ಣೊರೆಸಿಕೊಂಡು, "ನಮ್ಮವರು ಇದ್ದಿದ್ರೆ ಇದನ್ನ ನಂಬ್ತಾ ಇರಲಿಲ್ಲ" ಅಂದಳು.

ಅಷ್ಟರಲ್ಲಿ ಒಳಗಿಂದ ಗಾಡಿಯವನ ಕೂಗು. "ಯಜಮಾನ್ರೇ, ಹದಿಮೂರಿರೋ ಅಟ್ಟಿಗಳಲ್ಲಿ ತಳದ ಕುರ್ಚಿ ಎಲ್ಲ ಸೀಳಿದೆ!"

ಓಡಿ ಹೋಗಿ ನೋಡಿದೆವು. ಹನ್ನೆರಡು ಅಟ್ಟಿಯಲ್ಲೂ ತಳದ್ದೊಂದು. ಹನ್ನೆರಡು ಕುರ್ಚಿ ಹೋಗಿವೆ. ಬಾಡಿಗೆಗೆ ಕೊಡಲು ಬರುವವು ಇನ್ನೂರ ಎಂಬತ್ತೆಂಟು.

ನಾನು ತಮ್ಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. "ನಾನು ಹೇಳಿರಲಿಲ್ವಾ, ಹನ್ನೆರಡರ ಮೇಲೆ ಹತ್ತಿಸಬೇಡ ಅಂತ?" ಅಂದೆ. ಮೊದಲು ನಕ್ಕವನು ಅವನು. ಆಮೇಲೆ ಇಬ್ಬರಿಗೂ ನಿಲ್ಲಿಸಲು ಆಗಲಿಲ್ಲ. ದರ್ಜಿ ಹೆದರಿ ನೀರು ತಂದ.

ಅವನ ಲೆಕ್ಕವೂ ಸರಿ, ನನ್ನ ಲೆಕ್ಕವೂ ಸರಿ. ಹನ್ನೊಂದು ವರ್ಷ ಮಾತ್ರ ತಪ್ಪು.

ಇಂತಿ,
ಕಕ್ಷಿ ಎರಡು

---

ಜುಲೈ 18

ಅಪ್ಪಾ,

ಪಾಸು. ಮೊದಲ ದರ್ಜೆ ಅಲ್ಲ. ಹೊರಗಿನ ಪರೀಕ್ಷಕರು ಪ್ರಬಂಧದ ಕೊನೆಯಲ್ಲಿ ಬರೆದರಂತೆ: "ಜಗಳ ಬಗೆಹರಿದಿದೆ. ಆದರೆ ಸಂಶೋಧಕಿ ಇದರಲ್ಲಿ ಏನನ್ನೂ ಮಾಡಿದಂತೆ ಕಾಣುವುದಿಲ್ಲ." ಅದರ ಕೆಳಗೆ ಮೇಡಂ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಇವಳು ಮಾಡಿದ ಒಳ್ಳೆಯ ಕೆಲಸ ಅದೇ."

ನಿಮ್ಮ ಮೇ ತಿಂಗಳ ಕಾಗದವನ್ನು ಜೊತೆಗಾತಿಗೆ ಅವಳಿಗೆ ಬರುವ ಭಾಷೆಯಲ್ಲಿ ಹೇಳಿದೆ. ಬೀಗದ ಎಣ್ಣೆಯ ಹತ್ತಿರ ಬಂದಾಗ ಇನ್ನೊಮ್ಮೆ ಹೇಳು ಅಂದಳು. ಇನ್ನೊಮ್ಮೆ ಹೇಳಿದೆ. "ನಮ್ಮೂರಿನ ಗಡಿ ಬಾಗಿಲಿಗೂ ಯಾರಾದರೂ ಎಣ್ಣೆ ಬಿಡುತ್ತಿರಬಹುದಾ?" ಅಂತ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.

ಕೆಲಸ ಸಿಕ್ಕಿದೆ. ಒಂದೇ ಕೆರೆಯ ನೀರು ಕುಡಿಯುವ ಎರಡು ಪಟ್ಟಣಗಳ ನಡುವೆ ಒಂದು ಸಣ್ಣ ಕಚೇರಿ. ಮೊದಲ ಸಭೆಗೆ ಎಷ್ಟು ಕುರ್ಚಿ ಹಾಕಿಸಲಿ ಅಂತ ಕೇಳಿದರು. ಬರುವವರಿಗಿಂತ ಒಂದು ಕಡಿಮೆ ಅಂದೆ.

ಒಂದು ತಪ್ಪೊಪ್ಪಿಗೆ ಇದೆ, ಪ್ರಬಂಧದಲ್ಲಿ ಇಲ್ಲ. ನೀರಿನ ಸಮಿತಿ ರದ್ದಾದದ್ದು ನಿಜ. ಆದರೆ ಮೇಡಂ ಅದರ ಬದಲು ಇನ್ನೆರಡು ಜಾಗ ತೋರಿಸಿದ್ದರು. ನಾನೇ ಬೇಡ ಅಂದೆ.

ಒಂದನೇ ತಾರೀಕು ಬರುತ್ತೇನೆ.

ನಿಮ್ಮ ಮಗಳು

---

ಜುಲೈ 24

ಮಗಳೇ,

ಇನ್ನೆರಡು ಜಾಗ ಇದ್ದೇ ಇರುತ್ತದೆ ಅಂತ ನಾನು ಫೆಬ್ರುವರಿಯಲ್ಲೇ ಅಂದುಕೊಂಡಿದ್ದೆ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ "ಇದೊಂದೇ ಉಳಿದಿರೋದು" ಅನ್ನುವ ಮಾತಿನ ವಾಸನೆ ಗೊತ್ತಿರುವುದಿಲ್ಲವೇ? ಗೊತ್ತಿದ್ದೂ ಬಲೆಗೆ ಬಿದ್ದೆ. ಅದನ್ನು ನಿನ್ನ ಮೇಡಂಗೆ ಹೇಳು.

ನೀನು ಬರುವ ಮುಂಚೆ ಮೊತ್ತ ಹಾಕಿಬಿಡುತ್ತೇನೆ. ಯಾರಿಗೆ ಏನು ಸಿಕ್ಕಿತು ಅಂತ ಹೆಂಗಸರು ಬೇರೆ ಕೇಳುತ್ತಿದ್ದಾರೆ.

ನಿನಗೆ ಪದವಿ ಒಂದು, ಕೆಲಸ ಒಂದು, ಪೆನ್ಸಿಲಿನಲ್ಲಿ ಬರೆದ ಒಂದು ಸಾಲು. ಆ ಸಾಲಿಗೆ ಚೌಕಟ್ಟು ಹಾಕಿಸಬೇಕು, ಪದವಿಗೆ ಬೇಕಾಗಿಲ್ಲ.

ನಿನ್ನಮ್ಮನಿಗೂ ಚಿಕ್ಕಮ್ಮನಿಗೂ ನಷ್ಟ. ಗುರುವಾರದ ಗುಟ್ಟು ಹೋಯಿತು. ಈಗ ಯಾವ ದಿನ ಬೇಕಾದರೂ ಎದುರು ಬಾಗಿಲಿಂದಲೇ ಹೋಗಿಬರುತ್ತಾರೆ, ಮೊದಲಿನ ಮಜಾ ಇಲ್ಲ ಅನ್ನುತ್ತಾರೆ. ದರ್ಜಿಗೆ ಹಿಂದಿನ ಕೋಣೆ ಖಾಲಿ ಸಿಕ್ಕಿತು. ಟೀ ಅಂಗಡಿಯವನಿಗೆ ದಿನಕ್ಕೆ ನಾಲ್ಕು ಲೋಟ ಹೆಚ್ಚು. ನಾವಿಬ್ಬರೂ ಸಂಜೆ ಅಲ್ಲೇ ಕೂರುತ್ತೇವೆ, ಎದುರುಬದುರು ಅಲ್ಲ, ಬೆಂಚಿನ ಮೂಲೆಯಲ್ಲಿ.

ಸೀಳಿದ ಹನ್ನೆರಡನ್ನು ಎಸೆಯಲು ತಮ್ಮ ಒಪ್ಪಲಿಲ್ಲ. ಇದರ ಹಲಗೆ ಅದಕ್ಕೆ, ಅದರ ಕಾಲು ಇದಕ್ಕೆ ಸೇರಿಸಿ ಬಡಿಯುತ್ತಾ ಕೂತಿದ್ದಾನೆ. ಆರು ಆಗಬಹುದಂತೆ. ನಾವು ಶುರು ಮಾಡಿದ್ದೂ ಆರರಿಂದಲೇ ಅಂತ ನಾನು ನೆನಪಿಸಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಬೀಗ ಎರಡೂ ಮೇಜಿನ ಮೇಲಿವೆ. ಬಾಗಿಲಿಗೆ ಒಂದು ಸಾಕು. ಯಾವುದು ಅನ್ನುವುದರ ಮೇಲೆ ಒಂದು ವಾರದಿಂದ ಚರ್ಚೆ ನಡೆಯುತ್ತಿದೆ, ನೀನು ಬಂದರೂ ತಲೆ ಹಾಕಬೇಡ.

ತಮ್ಮನಿಗೆ ಸಿಕ್ಕಿದ್ದು ಮೂರು ವಾಕ್ಯ, ನಾಲ್ಕು ಜನರೆದುರು.

ನನಗೆ ಸಿಕ್ಕಿದ್ದು ತಮ್ಮ, ಒಬ್ಬ. ಈ ಸಲ ಮುಟ್ಟಿ ಎಣಿಸಿದ್ದೇನೆ.

ಇಂತಿ,
ನಿನ್ನ ಅಪ್ಪ